ಚೇತರಿಕೆ ಮಗುವಿನ ಕೆಲಸ: ಕಾಲಿನ ಶಸ್ತ್ರಚಿಕಿತ್ಸೆಯ ನಂತರ ಮನೆ, ಆಸ್ಪತ್ರೆ, ಶಾಲೆ



ಮಕ್ಕಳ ಮೂಳೆ ವಿಭಾಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಬದುಕಿನ ಬಹುಪಾಲು ಕಳೆದವಳು ನಾನು. ಶಸ್ತ್ರಚಿಕಿತ್ಸೆಯ ವಿಧಾನಗಳನ್ನು ವಿವರಿಸಲು ಈ ಸಭೆಯಲ್ಲಿ ತಜ್ಞರಿದ್ದಾರೆ. ಆಪರೇಷನ್ ಥಿಯೇಟರಿನ ಬಾಗಿಲು ತೆರೆದು ಮಗು ಹೊರಗೆ ಬಂದ ಮೇಲೆ ಶುರುವಾಗುವ ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಇವೆಯಲ್ಲ, ಇಂದು ನಾನು ಮಾತನಾಡುವುದು ಅವುಗಳ ಬಗ್ಗೆ.

ನನ್ನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಏಳೆಂಟು ವರ್ಷದೊಳಗಿನ ಮಕ್ಕಳು ನನ್ನ ವಿಷಯ. ಹುಟ್ಟಿನಿಂದಲೇ ಸೊಂಟದ ಕೀಲು ತಪ್ಪಿದ ಮಕ್ಕಳು, ಬಿದ್ದು ತೊಡೆಮೂಳೆ ಮುರಿದುಕೊಂಡವರು, ಸೊಟ್ಟಪಾದದ ಮಕ್ಕಳು, ಸೆರೆಬ್ರಲ್ ಪಾಲ್ಸಿಯಿಂದ ಸ್ನಾಯು ಬಿಗಿದು ಆಪರೇಷನ್‌ಗೆ ಒಳಗಾದವರು, ಈ ನಾಲ್ಕು ಬಗೆಯವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಉಪನ್ಯಾಸವನ್ನು ನಾಲ್ಕು ಭಾಗವಾಗಿ ಮಾಡಿಕೊಂಡಿದ್ದೇನೆ: ಮಗುವಿಗೆ ನಿಜ ಹೇಳುವುದು, ನೋವನ್ನು ಗುರುತಿಸಿ ನೀಗಿಸುವುದು, ಪ್ಲಾಸ್ಟರ್ ಹಾಕಿದ ಮಗುವನ್ನು ಮನೆಯಲ್ಲಿ ನೋಡಿಕೊಳ್ಳುವುದು, ಮತ್ತೆ ಹೆಜ್ಜೆಯಿಟ್ಟು ಶಾಲೆಗೆ ಮರಳುವುದು. ಕೊನೆಯಲ್ಲಿ, ಮಗುವನ್ನು ನೋಡಿಕೊಳ್ಳುವವರಿಗೆ ನಾವೇನು ಮಾಡಬೇಕು ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಇಷ್ಟೂ ಭಾಗಗಳ ಹಿಂದಿರುವ ನನ್ನ ನಂಬಿಕೆ ಒಂದೇ. ಸರ್ಜನ್ನರು ಮೂಳೆಯನ್ನು ಸರಿಯಾದ ಜಾಗದಲ್ಲಿ ಕೂರಿಸುತ್ತಾರೆ. ಅದನ್ನು ಬೆಸೆದುಕೊಳ್ಳುವುದು ಮಗುವಿನ ದೇಹ. ಆ ಕಾಲನ್ನು ಮತ್ತೆ ನಂಬಿ ನೆಲಕ್ಕೂರುವುದು ಮಗುವಿನ ಮನಸ್ಸು. ಚೇತರಿಕೆ ಎಂಬುದು ಮಗುವೇ ಮಾಡಬೇಕಾದ ಕೆಲಸ. ಆ ಕೆಲಸಕ್ಕೆ ಬೇಕಾದ ಧೈರ್ಯ, ನೆಮ್ಮದಿ, ಊಟ, ಆಟ, ಸಮಯ ಒದಗಿಸುವುದು ಮನೆಯವರ ಪಾಲು. ಆ ಮನೆಯವರಿಗೆ ಕಲಿಸಿ ಅವರ ಕೈ ಬಲಪಡಿಸುವುದು ನಮ್ಮೆಲ್ಲರ ಪಾಲು.

ಆಪರೇಷನ್ ಎಷ್ಟು ಚಿಕ್ಕದಾಗಿರಬಹುದು, ಚೇತರಿಕೆ ಎಷ್ಟು ದೀರ್ಘವಾಗಿರಬಹುದು ಎಂಬುದಕ್ಕೆ ಸೊಟ್ಟಪಾದ ಒಳ್ಳೆಯ ಉದಾಹರಣೆ. ಸುಮಾರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಈ ತೊಂದರೆ ಹುಟ್ಟಿನಿಂದ ಬರುತ್ತದೆ. ಸ್ಪೇನ್‌ನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಡಾ. ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ ವಿಧಾನವನ್ನೇ ಇಂದು ಜಗತ್ತಿನ ಎಲ್ಲೆಡೆ ಅನುಸರಿಸುತ್ತಾರೆ. ಎಳೆಯ ಪಾದವನ್ನು ಮೆಲ್ಲಗೆ ತಿರುಗಿಸಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತಾರೆ. ಐದಾರು ವಾರ ಹೀಗೆ ಸಾಗುತ್ತದೆ. ಆಮೇಲೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಬಿಡಿಸುವ ಒಂದು ಪುಟ್ಟ ಆಪರೇಷನ್ ಮಾಡಿ, ಮೂರು ವಾರ ಕೊನೆಯ ಪ್ಲಾಸ್ಟರ್ ಹಾಕುತ್ತಾರೆ. ಆ ಆಪರೇಷನ್ನಿಗೆ ಬೇಕಾಗುವುದು ಕೆಲವೇ ನಿಮಿಷ. ನಂತರದ ಮೂರು ತಿಂಗಳು ಮಗು ದಿನದ 23 ಗಂಟೆ, ನಡುವೆ ಅಡ್ಡಪಟ್ಟಿಯಿರುವ ಬೂಟು ಹಾಕಿಕೊಂಡಿರಬೇಕು. ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೂ ರಾತ್ರಿ ನಿದ್ದೆಯಲ್ಲಿ, ಹಗಲಿನ ನಿದ್ದೆಯಲ್ಲಿ ಅದು ಇರಲೇಬೇಕು. ನೇರವಾಗಿದ್ದ ಪಾದ ಮತ್ತೆ ಸೊಟ್ಟಗಾಗುವುದಕ್ಕೆ ಅತಿ ಸಾಮಾನ್ಯ ಕಾರಣ ಈ ಬೂಟನ್ನು ಮನೆಯಲ್ಲಿ ನಡುವೆಯೇ ಬಿಟ್ಟುಬಿಡುವುದು. ಮಗು ಅಳುತ್ತದೆ, ಅಜ್ಜಿಯ ಕರುಳು ಚುರ್ ಎನ್ನುತ್ತದೆ, ಒಂದು ರಾತ್ರಿ ಬಿಚ್ಚುತ್ತಾರೆ, ಅದೇ ರೂಢಿಯಾಗುತ್ತದೆ. ವೈದ್ಯರ ಕೈಚಳಕ ಉಳಿಯುವುದೂ ಅಳಿಯುವುದೂ ಹೀಗೆ ಮನೆಯ ಮಲಗುವ ಕೋಣೆಯಲ್ಲಿ ತೀರ್ಮಾನವಾಗುತ್ತದೆ.

ಈಗ ಮೊದಲನೆಯ ಭಾಗಕ್ಕೆ ಬರುತ್ತೇನೆ: ಮಗುವಿಗೆ ನಿಜ ಹೇಳುವುದು.

ನಮ್ಮಲ್ಲಿ ಅನೇಕ ಮನೆಗಳಲ್ಲಿ ಡಾಕ್ಟರ ಹೆಸರು ಮಗುವಿನ ಕಿವಿಗೆ ಮೊದಲು ಬೀಳುವುದೇ ಬೆದರಿಕೆಯಾಗಿ. ಊಟ ಮಾಡದಿದ್ದರೆ ಡಾಕ್ಟರ್ ಹತ್ತಿರ ಹೋಗಿ ಸೂಜಿ ಚುಚ್ಚಿಸುತ್ತೇನೆ ಎನ್ನುತ್ತೇವೆ. ಮೂರರಿಂದ ಆರರ ವಯಸ್ಸಿನಲ್ಲಿ ಮಗು ತನ್ನ ಸುತ್ತ ಆಗುವುದಕ್ಕೆಲ್ಲ ತಾನೇ ಕಾರಣ ಎಂದುಕೊಳ್ಳುತ್ತದೆ. ಅಂಥ ಮಗುವನ್ನು ಅದೇ ಡಾಕ್ಟರ ಬಳಿಗೆ ಕರೆದೊಯ್ದು, ಎಚ್ಚರವಾದಾಗ ಕಾಲು ಅಲುಗಾಡಿಸಲಾಗದಂತೆ ಕಟ್ಟಿದ್ದರೆ, ಅದು ತನ್ನ ಹಟಕ್ಕೆ ಸಿಕ್ಕ ಶಿಕ್ಷೆ ಎಂದೇ ಮಗು ಅರ್ಥ ಮಾಡಿಕೊಳ್ಳುತ್ತದೆ. ಬಂದ ನೆಂಟರು ಮಂಚದ ಪಕ್ಕದಲ್ಲೇ ನಿಂತು ಯಾರ ಕರ್ಮವೋ ಎಂದು ನಿಟ್ಟುಸಿರಿಟ್ಟರೆ ಆ ಭಾವನೆ ಇನ್ನೂ ಗಟ್ಟಿಯಾಗುತ್ತದೆ. ಮಗುವಿಗೆ ಮಾತು ಪೂರ್ತಿ ತಿಳಿಯದಿರಬಹುದು, ಧ್ವನಿ ತಿಳಿಯುತ್ತದೆ.

ಇನ್ನು ಕೆಲವರು ಅಜ್ಜಿ ಮನೆಗೆ ಹೋಗೋಣ, ಜಾತ್ರೆಗೆ ಹೋಗೋಣ ಎಂದು ಹೇಳಿ ಆಸ್ಪತ್ರೆಗೆ ಕರೆತರುತ್ತಾರೆ. ಅವರ ಉದ್ದೇಶ ಪ್ರೀತಿಯದೇ. ಆದರೆ ಮುಂದಿನ ಎರಡು ಮೂರು ತಿಂಗಳು ಆ ಮಗು ಪ್ರತಿಯೊಂದಕ್ಕೂ ತಾಯಿತಂದೆಯ ಮಾತನ್ನೇ ನಂಬಿ ನಡೆಯಬೇಕಾಗಿದೆ. ಈ ಔಷಧಿ ಕುಡಿ, ಈಗ ತಿರುಗು, ಇವತ್ತು ಕಾಲೂರು ಎಂದಾಗ ಮಗು ಒಪ್ಪುವುದು ಆ ನಂಬಿಕೆಯ ಮೇಲೆ. ಅದನ್ನು ಮೊದಲ ದಿನವೇ ಕಳೆದುಕೊಂಡರೆ ಮುಂದಿನ ದಾರಿ ಬಹಳ ಕಷ್ಟವಾಗುತ್ತದೆ.

ಹಾಗಾದರೆ ಹೇಗೆ ಹೇಳಬೇಕು? ಚಿಕ್ಕ ಮಾತುಗಳಲ್ಲಿ ಹೇಳಿದರೆ ಸಾಕು. "ನಿನ್ನ ಕಾಲಿನ ಒಳಗಿರುವ ಮೂಳೆ ಸರಿಯಾದ ಜಾಗದಲ್ಲಿಲ್ಲ, ಕಂದ. ಡಾಕ್ಟರು ಅದನ್ನು ಸರಿಮಾಡುತ್ತಾರೆ. ಆಗ ನಿನಗೊಂದು ಔಷಧಿ ಕೊಟ್ಟು ಮಲಗಿಸುತ್ತಾರೆ, ನಿನಗೆ ಏನೂ ಗೊತ್ತಾಗುವುದಿಲ್ಲ. ಎದ್ದಾಗ ಕಾಲಿಗೆ ಗಟ್ಟಿ ಪ್ಲಾಸ್ಟರ್ ಇರುತ್ತದೆ. ನೋವಾಗಬಹುದು, ನೋವು ಕಡಿಮೆಯಾಗಲು ಔಷಧಿ ಕೊಡುತ್ತೇವೆ. ನೀನು ಏನೂ ತಪ್ಪು ಮಾಡಿಲ್ಲ." ಎರಡು ಮೂರು ವರ್ಷದ ಮಗುವಿಗೆ ಒಂದೆರಡು ದಿನ ಮೊದಲು ಹೇಳಿದರೆ ಸಾಕು; ಐದಾರು ವರ್ಷದವರಿಗೆ ಕೆಲವು ದಿನ ಮೊದಲೇ ಹೇಳಿ, ಪ್ರಶ್ನೆ ಕೇಳಲು ಬಿಡಬೇಕು. ಮಗುವಿನ ಗೊಂಬೆಯ ಕಾಲಿಗೊಂದು ಬ್ಯಾಂಡೇಜ್ ಸುತ್ತಿಕೊಟ್ಟರೆ ಅರ್ಧ ಪ್ರಶ್ನೆಗಳು ಆಟದಲ್ಲೇ ಹೊರಗೆ ಬರುತ್ತವೆ. ಬೆಳಗ್ಗೆ ತಿಂಡಿ ಏಕಿಲ್ಲ ಎಂಬುದನ್ನೂ ಹೇಳಿಯೇ ಕರೆತರಬೇಕು. ಅರಿವಳಿಕೆಗೆ ಮೊದಲು ಗಟ್ಟಿ ಆಹಾರ ನಿಂತು 6 ಗಂಟೆಯಾದರೂ ಆಗಿರಬೇಕು. ಹಸಿದ ಮಗುವಿಗೆ ಕರುಣೆಯಿಂದ ಗುಟ್ಟಾಗಿ ಕೊಟ್ಟ ಒಂದು ಬಿಸ್ಕತ್ತು ಪ್ರಾಣಕ್ಕೆ ಕುತ್ತು ತರಬಲ್ಲದು. ಕೈಯಿಂದಾಗದ ಮಾತು ಕೊಡಬಾರದು ಎಂಬುದೂ ಮುಖ್ಯ. ಎಚ್ಚರವಾಗುವ ಕೋಣೆಗೆ ತಾಯಿಯನ್ನು ಬಿಡುತ್ತಾರೆಯೇ ಎಂದು ಕೇಳಿಕೊಂಡ ಮೇಲೆಯೇ, ಎದ್ದಾಗ ಪಕ್ಕದಲ್ಲಿರುತ್ತೇನೆ ಎಂದು ಹೇಳಬೇಕು.

ಇಲ್ಲೊಂದು ಚರಿತ್ರೆಯ ನೆನಪು ಉಪಯುಕ್ತ. ಕಳೆದ ಶತಮಾನದ ಮಧ್ಯದವರೆಗೂ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ತಾಯಿತಂದೆಯರು ಮಗುವಿನ ಬಳಿ ಉಳಿಯುವಂತಿರಲಿಲ್ಲ; ಗೊತ್ತಾದ ಸ್ವಲ್ಪ ಹೊತ್ತು ಬಂದು ನೋಡಿ ಹೋಗಬೇಕಿತ್ತು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು, ಎಂಟು ದಿನ ಆಸ್ಪತ್ರೆಯಲ್ಲಿ ತಾಯಿಯಿಲ್ಲದೆ ಉಳಿದ ಎರಡು ವರ್ಷದ ಒಬ್ಬ ಹುಡುಗಿಯನ್ನು ಚಿತ್ರೀಕರಿಸಿ ವೈದ್ಯರ ಸಭೆಗಳಲ್ಲಿ ತೋರಿಸಿದರು. ಹೆಚ್ಚು ಅಳದೆ ಸುಮ್ಮನಿದ್ದ ಆ ಮಗು ಒಳಗೊಳಗೇ ಎಷ್ಟು ನೊಂದಿತ್ತು ಎಂಬುದು ಆ ಚಿತ್ರದಲ್ಲಿ ಕಾಣುತ್ತಿತ್ತು. 1959ರಲ್ಲಿ, ಆಸ್ಪತ್ರೆಯಲ್ಲಿರುವ ಮಕ್ಕಳ ಕ್ಷೇಮದ ಬಗ್ಗೆ ಅಲ್ಲಿನ ಸರ್ಕಾರಿ ಸಮಿತಿಯೊಂದು ಕೊಟ್ಟ ಪ್ಲ್ಯಾಟ್ ವರದಿ, ಮಕ್ಕಳ ವಾರ್ಡಿನಲ್ಲಿ ತಾಯಿತಂದೆಯರ ಭೇಟಿಗೆ ನಿರ್ಬಂಧ ಇರಬಾರದೆಂದು ಶಿಫಾರಸು ಮಾಡಿತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ತಾಯಿ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಾಳೆ. ಇಂಗ್ಲೆಂಡಿನವರು ಹೋರಾಡಿ ಪಡೆದದ್ದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಆದರೆ ಹಗಲಿರುಳು ಅಲ್ಲೇ ಇರುವ ಆ ತಾಯಿಗೆ ನಾವು ಏನು ಕಲಿಸಿ ಕಳಿಸುತ್ತಿದ್ದೇವೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಇಲ್ಲಿಂದ ಎರಡನೆಯ ಭಾಗಕ್ಕೆ, ನೋವಿನ ವಿಷಯಕ್ಕೆ ಹೋಗೋಣ.

ಚಿಕ್ಕ ಮಕ್ಕಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂಬ ಭಾವನೆ ಸಾಮಾನ್ಯರಲ್ಲಷ್ಟೇ ಅಲ್ಲದೆ ವೈದ್ಯಲೋಕದಲ್ಲೂ ಬಹುಕಾಲ ಇತ್ತು. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಸಂಶೋಧನೆಗೆ ಹೋದ ಡಾ. ಕೆ. ಜೆ. ಎಸ್. ಆನಂದ್ ಮತ್ತವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಾವನೆಯನ್ನು ಅಲುಗಾಡಿಸಿತು. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಬಲವಾದ ನೋವುನಿವಾರಕವನ್ನೂ ಕೊಟ್ಟರೆ ದೇಹದ ಒತ್ತಡ ಕಡಿಮೆಯಾಗುತ್ತದೆ, ನಂತರದ ತೊಡಕುಗಳೂ ಕಡಿಮೆಯಾಗುತ್ತವೆ ಎಂದು ಅವರು ತೋರಿಸಿದರು. ಅಷ್ಟು ಎಳೆಯ ಶಿಶುವೇ ನೋವು ಉಣ್ಣುತ್ತದೆಂದ ಮೇಲೆ ಮೂರು ವರ್ಷದ ಮಗುವಿನ ಮಾತೇನು?

ಮಗುವಿನ ನೋವನ್ನು ಅಳೆಯುವುದು ಹೇಗೆ? ಮಾತು ಬಂದ, ಮೂರು ವರ್ಷ ದಾಟಿದ ಮಕ್ಕಳಿಗೆ ನಗುವ ಮುಖದಿಂದ ಅಳುವ ಮುಖದವರೆಗೆ ಆರು ಚಿತ್ರಗಳಿರುವ ಪಟ್ಟಿಯನ್ನು ತೋರಿಸಿ, ನಿನ್ನ ನೋವು ಯಾವ ಮುಖದ ಹಾಗಿದೆ ಎಂದು ಕೇಳುತ್ತಾರೆ. ಮಾತು ಬಾರದ ಮಕ್ಕಳಿಗೆ ಮುಖಭಾವ, ಕಾಲು, ಚಟುವಟಿಕೆ, ಅಳು, ಸಮಾಧಾನವಾಗುವ ಬಗೆ ಎಂಬ ಐದನ್ನು ನೋಡಿ, ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುವ ಫ್ಲ್ಯಾಕ್ ಎಂಬ ಕ್ರಮ 1997ರಿಂದ ಬಳಕೆಯಲ್ಲಿದೆ. ನಮ್ಮ ಮಕ್ಕಳಿಗೆ ಕಾಲೇ ಪ್ಲಾಸ್ಟರಿನಲ್ಲಿರುವುದರಿಂದ ಮುಖ ಮತ್ತು ಅಳುವನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು. ಅಳದ ಮಗುವಿಗೆ ನೋವಿಲ್ಲ ಎಂದುಕೊಳ್ಳುವುದೂ ತಪ್ಪು. ಅಲುಗಾಡದೆ, ಊಟ ಬೇಡವೆಂದು, ಗೋಡೆ ನೋಡುತ್ತ ಮಲಗಿರುವ ಮಗುವಿಗೆ ಬಹಳ ನೋವಿರಬಹುದು.

ಔಷಧಿಯ ವಿಷಯದಲ್ಲಿ ಮೂರು ಮಾತು. ಮೊದಲನೆಯದು, ಆರಂಭದ ಎರಡು ಮೂರು ದಿನ ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಕೊಡುವುದು. ಮಗು ಅತ್ತ ಮೇಲೆ ಕೊಡೋಣ ಎಂದು ಕಾದರೆ, ಮೇಲೆದ್ದ ನೋವನ್ನು ಇಳಿಸುವುದು ಹೆಚ್ಚು ಕಷ್ಟ. ಎರಡನೆಯದು, ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ನಮ್ಮ ಅಂಗಡಿಗಳಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವ ಸಿರಪ್ಪೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಹನ್ನೆರಡು ಕಿಲೋ ಮಗುವಿಗೆ 180 ಮಿಲಿಗ್ರಾಂ ಬೇಕಾದರೆ, ಮೊದಲನೆಯದರಲ್ಲಿ ಏಳೂವರೆ ಮಿಲಿಲೀಟರ್. ಎರಡನೆಯದರಲ್ಲಿ ಅದರ ಅರ್ಧದಷ್ಟೂ ಬೇಡ. ಬಾಟಲಿ ಬದಲಾದಾಗ ಅಳತೆಯೂ ಬದಲಾಗಬೇಕು; ಅಡುಗೆಮನೆಯ ಚಮಚವನ್ನು ಬಿಟ್ಟು ಸಿರಪ್ಪಿನ ಜೊತೆ ಬಂದ ಅಳತೆಯ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಬೇಕು. ಮೂರನೆಯದು, ದೊಡ್ಡವರ ಮಾತ್ರೆಯನ್ನು ಮುರಿದು ಕೊಡಬಾರದು. ಆಸ್ಪಿರಿನ್ ಅಂತೂ ವೈದ್ಯರು ಹೇಳದೆ ಮಕ್ಕಳಿಗೆ ಕೂಡದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಪ್ಲಾಸ್ಟರಿನೊಳಗೆ ಊತ ಹೆಚ್ಚಾಗಿ ಸ್ನಾಯುಗಳಿಗೆ ರಕ್ತ ಹೋಗದಂತಾಗುವ ಅಪಾಯವೊಂದಿದೆ. ಆಗ ಮಗುವಿನ ಕಳವಳ ಏರುತ್ತದೆ, ರಚ್ಚೆ ಹಿಡಿಯುತ್ತದೆ, ಕೊಟ್ಟ ಔಷಧಿ ಸಾಲದೆ ಮತ್ತೆ ಮತ್ತೆ ಬೇಕೆನಿಸುತ್ತದೆ. ಮನೆಯವರು ಇದನ್ನು ಹಟ ಎಂದುಕೊಳ್ಳುವ ಸಂಭವ ಹೆಚ್ಚು. ನೋವು ದಿನೇ ದಿನೇ ಇಳಿಯಬೇಕು. ಏರುತ್ತಿದ್ದರೆ ಅಥವಾ ಕಾಲ್ಬೆರಳು ತಣ್ಣಗಾದರೆ, ನೀಲಿಯಾದರೆ, ಬಿಳಿಚಿಕೊಂಡರೆ, ಅಲುಗಾಡಿಸಲಾಗದೆ ಹೋದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಬೇಕು. ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಬಿಳಿಯಾದದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪೇರಬೇಕು. ಈ ಪರೀಕ್ಷೆಯನ್ನು ಓದುಬರಹ ಬಾರದ ಅಜ್ಜಿಯೂ ಮಾಡಬಲ್ಲರು.

ಈಗ ಮೂರನೆಯ ಭಾಗ, ಪ್ಲಾಸ್ಟರ್ ಹಾಕಿದ ಮಗು ಮನೆಗೆ ಬಂದ ಮೇಲಿನ ದಿನಚರಿ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಡಿಸ್ಚಾರ್ಜ್ ಚೀಟಿಯಲ್ಲಿ ಇದಕ್ಕೆ ಸಿಗುವುದು ಒಂದೇ ಸಾಲು.

ಸೊಂಟದ ಕೀಲಿನ ಆಪರೇಷನ್ ಆದಾಗ ಅಥವಾ ಚಿಕ್ಕ ಮಗುವಿನ ತೊಡೆಮೂಳೆ ಮುರಿದಾಗ ಹಾಕುವ ದೊಡ್ಡ ಪ್ಲಾಸ್ಟರಿಗೆ ಸ್ಪೈಕಾ ಎನ್ನುತ್ತಾರೆ. ಎದೆಯ ಕೆಳಗಿನಿಂದ ಶುರುವಾಗಿ ಒಂದು ಕಾಲು ಪೂರ್ತಿ, ಇನ್ನೊಂದು ಅರ್ಧ ಅಥವಾ ಪೂರ್ತಿ ಮುಚ್ಚುತ್ತದೆ. ಮಲಮೂತ್ರಕ್ಕೆ ನಡುವೆ ಜಾಗ ಬಿಟ್ಟಿರುತ್ತಾರೆ. ಮೂಳೆ ಮುರಿತಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ, ಸೊಂಟದ ಕೀಲಿಗೆ ಇನ್ನೂ ಹೆಚ್ಚು ಕಾಲ ಇರುತ್ತದೆ. ಓಡಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಲಗಿದಲ್ಲೇ ಇರಬೇಕು. ಆ ಮನೆಯ ದಿನಚರಿಯೇ ಬದಲಾಗುತ್ತದೆ.

ಹಸಿ ಪ್ಲಾಸ್ಟರ್ ಪೂರ್ತಿ ಒಣಗಲು ಎರಡು ಮೂರು ದಿನ ಬೇಕು; ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ತಡವಾಗಬಹುದು. ಅಲ್ಲಿಯವರೆಗೆ ಬೆರಳಿನಿಂದ ಹಿಡಿಯದೆ ಅಂಗೈಯಿಂದ ಎತ್ತಬೇಕು; ಬೆರಳು ಒತ್ತಿದಲ್ಲಿ ಬೀಳುವ ಕುಳಿ ಒಳಗೆ ಚರ್ಮವನ್ನು ಒತ್ತಿ ಹುಣ್ಣು ಮಾಡುತ್ತದೆ. ಎರಡು ಕಾಲಿನ ನಡುವೆ ಅಡ್ಡಕೋಲು ಇದ್ದರೆ ಅದನ್ನು ಹಿಡಿದು ಎತ್ತಲೇಬಾರದು. ಎರಡು ಮೂರು ಗಂಟೆಗೊಮ್ಮೆ ಮಗುವಿನ ಮಗ್ಗುಲು ಬದಲಿಸಬೇಕು. ವೈದ್ಯರು ಒಪ್ಪಿದರೆ ದಿಂಬು ಕೊಟ್ಟು ಹೊಟ್ಟೆಯ ಮೇಲೂ ಮಲಗಿಸಬಹುದು. ಹಾಗೆ ಮಲಗಿದಾಗ ಮುಂದೆ ಒಂದು ಮಣೆಯಿಟ್ಟರೆ ಮಗು ಚಿತ್ರ ಬರೆಯುತ್ತದೆ, ಆಟಿಕೆ ಜೋಡಿಸುತ್ತದೆ.

ಅತಿ ಕಷ್ಟದ ಕೆಲಸ ಶುಚಿತ್ವ. ಒಳಗೆ ಒಂದು ಚಿಕ್ಕ ಡೈಪರನ್ನು ಪ್ಲಾಸ್ಟರಿನ ಅಂಚಿನೊಳಗೆ ಸಿಕ್ಕಿಸಿ, ಅದರ ಮೇಲೆ ದೊಡ್ಡದನ್ನು ಹೊರಗಿನಿಂದ ಕಟ್ಟುವುದು ಒಳ್ಳೆಯ ಉಪಾಯ. ಡೈಪರ್ ಕೊಳ್ಳಲಾಗದ ಮನೆಯಲ್ಲಿ ಹಳೆಯ ಮೆತ್ತನೆಯ ಪಂಚೆ, ಸೀರೆಯ ಬಟ್ಟೆಯನ್ನು ಮಡಿಚಿ ಇಡಬಹುದು, ಆದರೆ ಪದೇ ಪದೇ ಬದಲಿಸಬೇಕು. ತಲೆ ಮತ್ತು ಬೆನ್ನಿನ ಭಾಗ ಸ್ವಲ್ಪ ಎತ್ತರದಲ್ಲಿದ್ದರೆ ಮೂತ್ರ ಬೆನ್ನಿನ ಕಡೆಗೆ ಹರಿದು ಪ್ಲಾಸ್ಟರಿನೊಳಗೆ ಇಳಿಯುವುದಿಲ್ಲ. ಒಳಗೆ ನವೆಯಾದಾಗ ಕಡ್ಡಿ, ಬಾಚಣಿಗೆ, ಪೆನ್ಸಿಲ್ ಯಾವುದನ್ನೂ ತೂರಿಸಬಾರದು, ಪೌಡರ್ ಸುರಿಯಬಾರದು. ಗೀರಿದ ಗಾಯ ಕಣ್ಣಿಗೆ ಕಾಣದೆ ಕೀವಾಗುತ್ತದೆ. ಹೊರಗಿನಿಂದ ಮೆಲ್ಲಗೆ ತಟ್ಟುವುದು, ಫ್ಯಾನಿನ ಕೆಳಗೆ ಮಲಗಿಸುವುದು ಸಾಕು. ಕೆಟ್ಟ ವಾಸನೆ, ಜ್ವರ, ಪ್ಲಾಸ್ಟರಿನ ಮೇಲೆ ಹೊಸ ಕಲೆ, ನಿಲ್ಲದ ವಾಂತಿ, ಇವು ಕಂಡರೆ ವೈದ್ಯರನ್ನು ಕಾಣಬೇಕು.

ಊಟದ ವಿಷಯದಲ್ಲಿ ನಮ್ಮ ನಾಡಿನದೇ ಒಂದು ಸಮಸ್ಯೆಯಿದೆ: ನಂಜು. ಆಪರೇಷನ್ ಆದವರಿಗೆ ಬೇಳೆ, ಮೊಟ್ಟೆ, ಕಡಲೆಕಾಯಿ, ಬದನೆಕಾಯಿ ನಂಜು, ಗಾಯ ಕೀವಾಗುತ್ತದೆ ಎಂದು ಹಿರಿಯರು ತಡೆಯುತ್ತಾರೆ. ವಾರಗಟ್ಟಲೆ ಬರೀ ಗಂಜಿ, ತಿಳಿಸಾರು, ಬ್ರೆಡ್ಡಿನ ಮೇಲೆ ಉಳಿದ ಮಕ್ಕಳನ್ನು ನಾನು ಕಂಡಿದ್ದೇನೆ. ಗಾಯ ಮಾಯಲು, ಮೂಳೆ ಕೂಡಲು ದೇಹಕ್ಕೆ ಬೇಕಾದ ಪ್ರೋಟೀನ್ ಸಿಗುವುದು ಆ ಬೇಳೆ, ಮೊಟ್ಟೆ, ಕಾಳುಗಳಿಂದಲೇ. ಹಿರಿಯರ ಕಾಳಜಿಯನ್ನು ಗೌರವಿಸುತ್ತಲೇ ಇದನ್ನು ಅವರಿಗೆ ಬಿಡಿಸಿ ಹೇಳಬೇಕು. ವೈದ್ಯರೇ ಅಜ್ಜಿಯನ್ನು ಕರೆದು ಹೇಳಿದರೆ ಇನ್ನೂ ಒಳ್ಳೆಯದು. ರಾಗಿಯಲ್ಲಿ ಹೇರಳವಾಗಿ ಸುಣ್ಣದ ಅಂಶವಿದೆ. ರಾಗಿ ಅಂಬಲಿ, ಹಾಲು, ಮೊಸರು ಮೂಳೆಗೆ ಬೇಕಾದವು. ಪ್ಲಾಸ್ಟರ್ ಹೊಟ್ಟೆಯನ್ನು ಒತ್ತುವುದರಿಂದ ಸ್ವಲ್ಪ ಸ್ವಲ್ಪವಾಗಿ ಹಲವು ಸಲ, ತಲೆಯೆತ್ತಿ ಕೂರಿಸಿದಂತೆ ಮಾಡಿ ತಿನ್ನಿಸಬೇಕು. ಮಲಗಿಯೇ ಇರುವ ಮಗುವಿಗೆ ಮಲಬದ್ಧತೆ ಬೇಗ ಬರುತ್ತದೆ. ನೀರು, ಬಾಳೆಹಣ್ಣು, ನೆನೆಸಿದ ಒಣದ್ರಾಕ್ಷಿ, ಸೊಪ್ಪು ದಿನವೂ ಇರಲಿ.

ಇಷ್ಟೆಲ್ಲ ದೇಹದ ಆರೈಕೆಯಾಯಿತು. ಮನಸ್ಸಿನ ಆರೈಕೆಗೂ ಒಂದು ಸೂತ್ರವಿದೆ: ಮಗುವಿನ ಕೈಗೆ ಕೆಲವು ತೀರ್ಮಾನಗಳನ್ನು ಬಿಟ್ಟುಕೊಡುವುದು. ಔಷಧಿ ಬೇಕೋ ಬೇಡವೋ ಎಂದು ಕೇಳಬಾರದು, ಅದು ಆಯ್ಕೆಯೇ ಅಲ್ಲ. ಔಷಧಿಯನ್ನು ಸಿರಿಂಜಿನಲ್ಲಿ ಕುಡಿಯುತ್ತೀಯೋ ಲೋಟದಲ್ಲೋ, ಮೊದಲು ಎಡಕ್ಕೆ ತಿರುಗೋಣವೋ ಬಲಕ್ಕೋ, ಯಾವ ಕಥೆ ಹೇಳಲಿ ಎಂದು ಕೇಳಬಹುದು. ತನ್ನ ದೇಹದ ಮೇಲೆ ಹಿಡಿತವೇ ಇಲ್ಲದ ಸ್ಥಿತಿಯಲ್ಲಿ ಇಂಥ ಚಿಕ್ಕ ಆಯ್ಕೆಗಳು ಮಗುವಿಗೆ ತಾನೂ ಈ ಕೆಲಸದಲ್ಲಿ ಪಾಲುದಾರ ಎಂಬ ಭಾವನೆ ಕೊಡುತ್ತವೆ. ಬೆರಳು ಚೀಪುವುದು, ಹಾಸಿಗೆಯಲ್ಲಿ ಉಚ್ಚೆ, ತಾಯಿಯನ್ನು ಬಿಟ್ಟಿರದಿರುವುದು, ರಾತ್ರಿ ಬೆಚ್ಚಿ ಏಳುವುದು ಕೆಲವು ವಾರ ಮರಳಿ ಬರಬಹುದು. ಬೈಯದೆ, ಅಣಕಿಸದೆ ಇದ್ದರೆ ಹೆಚ್ಚಿನ ಮಕ್ಕಳಲ್ಲಿ ಇವು ತಾವಾಗಿ ಹೋಗುತ್ತವೆ. ಮಗುವಿನ ಹಾಸಿಗೆ ಒಳಕೋಣೆಯಲ್ಲಿರುವುದಕ್ಕಿಂತ ಮನೆಯವರು ಓಡಾಡುವ ನಡುಮನೆಯಲ್ಲಿ ಇರುವುದು ಮೇಲು. ಅಣ್ಣ, ಅಕ್ಕ, ತಂಗಿಯರಿಗೂ ಒಂದೊಂದು ಕೆಲಸ ಕೊಡಿ. ಎಲ್ಲರ ಗಮನವೂ ಒಂದೇ ಮಗುವಿನ ಮೇಲಿದ್ದರೆ ಉಳಿದ ಮಕ್ಕಳು ಒಳಗೊಳಗೇ ಸೊರಗುತ್ತಾರೆ.

ಇನ್ನು ನಾಲ್ಕನೆಯ ಭಾಗ: ಪ್ಲಾಸ್ಟರ್ ತೆಗೆದ ಮೇಲೆ ಮತ್ತೆ ಹೆಜ್ಜೆಯಿಡುವುದು.

ಪ್ಲಾಸ್ಟರ್ ಕತ್ತರಿಸುವ ಯಂತ್ರದ ಸದ್ದಿಗೆ ಮಕ್ಕಳು ಆಪರೇಷನ್ನಿಗಿಂತ ಹೆಚ್ಚು ಹೆದರುತ್ತಾರೆ. ಅದರ ಅಲಗು ಸುತ್ತುವುದಿಲ್ಲ, ಅತ್ತಿತ್ತ ಕಂಪಿಸುತ್ತದೆ; ಅದಕ್ಕೇ ಗಟ್ಟಿ ಪ್ಲಾಸ್ಟರನ್ನು ಕೊಯ್ಯುತ್ತದೆ, ಮೆತ್ತನೆಯ ಚರ್ಮ ಅದರ ಜೊತೆಯಲ್ಲೇ ಅಲುಗುತ್ತದೆ. ಮಗುವಿಗೆ ಇದನ್ನು ಮೊದಲೇ ಹೇಳಿ, ಕಿವಿ ಮುಚ್ಚಿ ತಾಯಿಯ ಎದೆಗೊರಗಲು ಬಿಟ್ಟರೆ ಅರ್ಧ ಭಯ ಇಳಿಯುತ್ತದೆ. ಹೊರಬಂದ ಕಾಲನ್ನು ನೋಡಿ ದೊಡ್ಡವರೇ ಗಾಬರಿಯಾಗುವುದುಂಟು. ಅದು ಸಣಕಲಾಗಿ, ಚರ್ಮ ಪೊರೆ ಎದ್ದು, ಕೀಲು ಬಿಗಿದಿರುತ್ತದೆ. ಇದು ನಿರೀಕ್ಷಿತವೇ. ಸೋಪು ಹಚ್ಚಿ ಉಜ್ಜದೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒರೆಸಿ, ಕೊಬ್ಬರಿ ಎಣ್ಣೆಯನ್ನು ಮೆಲ್ಲಗೆ ಸವರಿದರೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಬಾಣಂತನದ ಕೂಸಿಗೆ ಮಾಡುವಂತೆ ಬಲವಾಗಿ ತಿಕ್ಕುವುದು, ಕೀಲನ್ನು ಎಳೆದು ಮಡಿಸುವುದು ಕೂಡದು. ಹೊಸದಾಗಿ ಕೂಡಿದ ಮೂಳೆ ಅದನ್ನು ತಡೆಯದು.

ಚಿಕ್ಕ ಮಕ್ಕಳ ವಿಶೇಷವೆಂದರೆ ಅವರು ತಮ್ಮ ಹದವನ್ನು ತಾವೇ ಕಂಡುಕೊಳ್ಳುತ್ತಾರೆ. ಭಾರ ಹಾಕಬಹುದು ಎಂದು ವೈದ್ಯರು ಹೇಳಿದ ಮೇಲೆ ಮಗು ಮೊದಲು ಕೂರುತ್ತದೆ, ತೆವಳುತ್ತದೆ, ಗೋಡೆ ಹಿಡಿದು ನಿಲ್ಲುತ್ತದೆ, ಕುಂಟುತ್ತ ನಡೆಯುತ್ತದೆ. ಕುಂಟುವುದು ಕೆಲವು ತಿಂಗಳು ಉಳಿಯಬಹುದು. ಎರಡು ಕೈ ಹಿಡಿದು ಎಳೆದು ನಡೆಸುವುದು, ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವುದು ಬೇಡ. ವ್ಯಾಯಾಮವನ್ನು ಆಟವಾಗಿಸುವುದೇ ಫಿಸಿಯೋಥೆರಪಿಸ್ಟ್‌ನ ಜಾಣ್ಮೆ. ನೆಲದ ಮೇಲಿನ ಗೋಲಿಗಳನ್ನು ಕಾಲ್ಬೆರಳಿನಿಂದ ಎತ್ತಿ ಬಟ್ಟಲಿಗೆ ಹಾಕಿಸಿದರೆ ಪಾದದ ಸ್ನಾಯುಗಳು ಬಲಗೊಳ್ಳುತ್ತವೆ. ಬಲೂನನ್ನು ಒದೆಯುವಾಗ ಮಂಡಿ ಚಾಚುತ್ತದೆ. ಕುರ್ಚಿಯ ಮೇಲಿನ ಗೊಂಬೆಯನ್ನು ತರಲು ಹೋದಾಗ ಕಾಲು ಮೈಭಾರ ಹೊರಲು ಕಲಿಯುತ್ತದೆ. ಒಂಟಿಕಾಲಿನ ಕುಂಟೆಬಿಲ್ಲೆಗೆ ವೈದ್ಯರು ಒಪ್ಪುವವರೆಗೆ ಕಾಯಬೇಕು. ಸೆರೆಬ್ರಲ್ ಪಾಲ್ಸಿಯ ಮಕ್ಕಳಲ್ಲಿ ಈ ಹಂತ ತಿಂಗಳುಗಟ್ಟಲೆ ಸಾಗುತ್ತದೆ. ಹಲವು ಕಡೆ ಒಟ್ಟಿಗೆ ಸ್ನಾಯು ಸರಿಪಡಿಸುವ ದೊಡ್ಡ ಆಪರೇಷನ್ ಆದಾಗ ಮೊದಲ ಕೆಲವು ತಿಂಗಳು ಮಗು ಮೊದಲಿಗಿಂತ ನಿತ್ರಾಣವಾದಂತೆ ಕಾಣುತ್ತದೆ, ಪೂರ್ಣ ಫಲ ಕಾಣಲು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು. ಇದನ್ನು ಮೊದಲೇ ಹೇಳದಿದ್ದರೆ, ಆಪರೇಷನ್ ಮಾಡಿಸಿ ಮಗುವನ್ನು ಹಾಳುಮಾಡಿದೆವು ಎಂದು ತಂದೆತಾಯಿ ನೊಂದುಕೊಳ್ಳುತ್ತಾರೆ, ಫಿಸಿಯೋಥೆರಪಿಯನ್ನೂ ನಿಲ್ಲಿಸಿಬಿಡುತ್ತಾರೆ.

ಶಾಲೆ, ಅಂಗನವಾಡಿಗಳ ಪಾತ್ರ ಇಲ್ಲಿ ದೊಡ್ಡದು. ಮಗು ಮನೆಯಲ್ಲಿರುವಾಗಲೇ ಟೀಚರ್ ಒಮ್ಮೆ ಬಂದು ಹೋದರೆ, ಗೆಳೆಯರು ಬರೆದ ಚಿತ್ರಗಳನ್ನು ತಂದುಕೊಟ್ಟರೆ, ಮಗುವಿಗೆ ತನ್ನ ಜಾಗ ಇನ್ನೂ ತನಗಾಗಿ ಇದೆ ಎಂಬ ಧೈರ್ಯ ಬರುತ್ತದೆ. ಮರಳುವಾಗ ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಮೆಟ್ಟಿಲು ಎಷ್ಟಿವೆ? ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾಗದ ಮಗುವಿಗೆ ಬೆಂಚು ಇದೆಯೇ? ಕುಕ್ಕರಗಾಲಲ್ಲಿ ಕೂರಲಾಗದವರಿಗೆ ಶೌಚಾಲಯದಲ್ಲಿ ಏನು ವ್ಯವಸ್ಥೆ? ನಡುವೆ ತೂತು ಮಾಡಿದ ಒಂದು ಪ್ಲಾಸ್ಟಿಕ್ ಕುರ್ಚಿಯಿಂದ ಈ ಕೊನೆಯ ಸಮಸ್ಯೆ ಬಗೆಹರಿಯುತ್ತದೆ. ಅಂಗವಿಕಲ ಮಕ್ಕಳ ವಿಷಯದಲ್ಲಿ ಶಾಲೆ ಸೂಕ್ತ ಅನುಕೂಲ ಒದಗಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಬೆಂಗಳೂರಿನಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಕಟ್ಟಿದ ಅಂಗವಿಕಲರ ಸಂಸ್ಥೆ, ಎಪಿಡಿ, ಚಿಕಿತ್ಸೆ ಮತ್ತು ಶಿಕ್ಷಣ ಜೊತೆಜೊತೆಯಾಗಿ ನಡೆಯಬೇಕು ಎಂಬುದನ್ನು ದಶಕಗಳಿಂದ ಮಾಡಿ ತೋರಿಸುತ್ತ ಬಂದಿದೆ.

ನಾಲ್ಕು ಭಾಗಗಳೂ ಮುಗಿದವು. ಈಗ ಮಗುವನ್ನು ನೋಡಿಕೊಳ್ಳುವವರ ಮಾತಿಗೆ, ತಾಯಿಗೆ ಏನು ಕಲಿಸಿ ಕಳಿಸುತ್ತಿದ್ದೇವೆ ಎಂದು ನಾನು ಮೊದಲೇ ಎತ್ತಿದ ಪ್ರಶ್ನೆಗೆ ಬರುತ್ತೇನೆ.

ಸರ್ಕಾರ ಸಾಕಷ್ಟು ಮಾಡಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಿಗೆ ಬರುವ ತಂಡಗಳು ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಸೊಟ್ಟಪಾದವೂ ಸೊಂಟದ ಕೀಲಿನ ತೊಂದರೆಯೂ ಇವೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಹೊಣೆ ಹೊತ್ತಿದೆ. ಆಪರೇಷನ್ನಿಗೆ ಹಣ ಸಿಗುತ್ತದೆ. ಆಮೇಲಿನ ಎರಡು ತಿಂಗಳು ಕೂಲಿ ಬಿಟ್ಟು ಮಗುವಿನ ಪಕ್ಕ ಕೂತ ತಾಯಿಯ ಖರ್ಚು ಯಾವ ಲೆಕ್ಕಕ್ಕೂ ಬರುವುದಿಲ್ಲ. ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಗೆ ಶಿಶುಪಾಲನಾ ರಜೆಯಿದೆ. ಕಾಫಿ ತೋಟದ ಆಳಿಗೆ, ಗಾರ್ಮೆಂಟ್ಸ್ ಕಾರ್ಖಾನೆಯ ಕೆಲಸದವಳಿಗೆ ಅದಿಲ್ಲ. ಪ್ಲಾಸ್ಟರಿನ ಮಗುವನ್ನು ಎತ್ತಿ ಅವಳ ಬೆನ್ನು ನೋಯುತ್ತದೆ, ರಾತ್ರಿಗಳಲ್ಲಿ ನಿದ್ದೆಯಿಲ್ಲ, ಮಗು ಅತ್ತರೆ ಬೈಗುಳ ಅವಳಿಗೇ. ಈ ಹೊರೆ ಅವಳೊಬ್ಬಳದೇ ಆಗಿರಬೇಕಾಗಿಲ್ಲ. ತಂದೆಯಂದಿರಿಗೆ ನನ್ನ ನೇರ ಮನವಿ: ರಾತ್ರಿಯ ಒಂದು ಪಾಳಿಯನ್ನು ನೀವು ವಹಿಸಿಕೊಳ್ಳಿ, ಡೈಪರ್ ಬದಲಿಸುವುದನ್ನು ಆಸ್ಪತ್ರೆಯಲ್ಲೇ ಕಲಿತು ಹೊರಡಿ.

ಈ ಸಂಸ್ಥೆಯಿಂದಲೇ ಆರಂಭಿಸಬಹುದಾದ ನಾಲ್ಕು ಕೆಲಸಗಳನ್ನು ಸೂಚಿಸುತ್ತೇನೆ. ಡಿಸ್ಚಾರ್ಜ್‌ಗೆ ಮುಂಚೆ ಮನೆಯ ಇಬ್ಬರಿಗಾದರೂ ಮಗುವನ್ನು ಎತ್ತುವುದು, ತಿರುಗಿಸುವುದು, ಶುಚಿ ಮಾಡುವುದನ್ನು ಹೇಳಿಕೊಟ್ಟು, ಅವರ ಕೈಯಿಂದಲೇ ಮಾಡಿಸಿ ನೋಡಬೇಕು. ಅಪಾಯದ ಗುರುತುಗಳನ್ನು ಚಿತ್ರಗಳ ಸಮೇತ ಸರಳ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಮುದ್ರಿಸಿ ಕೊಡಬೇಕು, ಅದರಲ್ಲಿ ರಾತ್ರಿಯೂ ಉತ್ತರಿಸುವ ಒಂದು ಫೋನ್ ಸಂಖ್ಯೆ ಇರಬೇಕು. ಊರಿನ ಆಶಾ ಕಾರ್ಯಕರ್ತೆಗೂ ಶಾಲೆಯ ಶಿಕ್ಷಕರಿಗೂ ಮಗು ಮನೆಗೆ ಹೊರಟ ದಿನವೇ ಸುದ್ದಿ ಮುಟ್ಟಬೇಕು. ಫಿಸಿಯೋಥೆರಪಿಗಾಗಿ ದೂರದ ನಗರಕ್ಕೆ ಬರಲಾಗದ ಮಕ್ಕಳನ್ನು ಅವರ ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ (ಡಿಇಐಸಿ) ಹೆಸರು ಸಮೇತ ಒಪ್ಪಿಸಿ, ಅಲ್ಲಿಗೆ ಹೋದರೇ ಎಂದು ವಿಚಾರಿಸಬೇಕು. ಇವಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಯಂತ್ರ ಬೇಡ. ವಾರ್ಡಿನ ನರ್ಸಿಗೆ ಇದಕ್ಕಾಗಿಯೇ ಸಮಯ ಮೀಸಲಿಡುವ ಆಡಳಿತದ ಮನಸ್ಸು ಬೇಕು.

ನರ್ಸಿಂಗ್ ಮತ್ತು ಫಿಸಿಯೋಥೆರಪಿ ವಿದ್ಯಾರ್ಥಿಗಳಲ್ಲಿ ನನ್ನ ಕೊನೆಯ ಮಾತು. ನಾಳೆ ನೀವು ವಾರ್ಡಿಗೆ ಹೋದಾಗ ಮಗುವಿನ ಹೆಸರು ಹಿಡಿದು ಮಾತನಾಡಿಸಿ, ಈಗ ಏನು ಮಾಡುತ್ತೀರಿ ಎಂಬುದನ್ನು ಅದಕ್ಕೇ ಹೇಳಿ, ಆಮೇಲೆ ತಾಯಿಯತ್ತ ತಿರುಗಿ ಅವಳಿಗೆ ಏನು ಗೊತ್ತಿಲ್ಲ ಎಂದು ಕೇಳಿ. ಮುಂದಿನ ವರ್ಷದ ದತ್ತಿ ಉಪನ್ಯಾಸದ ಹೊತ್ತಿಗೆ ಈ ಆಸ್ಪತ್ರೆಯಿಂದ ಪ್ಲಾಸ್ಟರಿನೊಂದಿಗೆ ಹೊರಡುವ ಪ್ರತಿ ಮಗುವಿನ ಮನೆಯವರ ಕೈಯಲ್ಲೂ ಆ ಕನ್ನಡದ ಹಾಳೆ ಇರುವಂತೆ ಮಾಡುವ ಹೊಣೆಯನ್ನು ಈ ಸಭೆ ಇಂದೇ ಹೊರಬೇಕೆಂದು ಕೋರುತ್ತೇನೆ. ಆ ಹಾಳೆಯನ್ನು ಬರೆಯಲು, ಕಲಿಸಲು ನನ್ನ ಸಮಯವನ್ನು ಸಂತೋಷದಿಂದ ಕೊಡುತ್ತೇನೆ.